ಹಾಲುತುಪ್ಪ ಬಿಟ್ಟದ್ದು ಆತ್ಮವಂಚನೆಯೇ?

ಪ್ರಶ್ನೆ: ನನ್ನೂರು ಸಿಂಧನೂರು ತಾಲ್ಲೂಕಿನ ಒಂದು ಹಳ್ಳಿ. ಕೆಲಸ ಬೆಂಗಳೂರಿನಲ್ಲಿ, ಸಾಫ್ಟ್‌ವೇರ್ ಕಂಪನಿಯಲ್ಲಿ. ಅಪ್ಪ ತೀರಿಕೊಂಡು ಆರು ತಿಂಗಳಾಯಿತು. ಕಾಲೇಜಿನ ದಿನಗಳಿಂದಲೂ ನನಗೆ ದೇವರಲ್ಲಿ ನಂಬಿಕೆಯಿಲ್ಲ. ಆದರೂ ಅವ್ವನ ಮುಖ ನೋಡಲಾಗದೆ ಮೂರನೆಯ ದಿನ ಅಪ್ಪನ ಕುಣಿಯ ಮೇಲೆ ಹಾಲುತುಪ್ಪ ಬಿಟ್ಟೆ. ಎರಡು ದಿನದಿಂದ ಬಾರದಿದ್ದ ಅಳು ಆಗ ಬಂತು, ಎದೆ ಹಗುರಾಯಿತು. ಅದನ್ನು ನೆನೆದಾಗಲೆಲ್ಲ ಈಗ ನಾಚಿಕೆಯಾಗುತ್ತದೆ. ನಂಬದೆ ಮಾಡಿದ್ದು ಆತ್ಮವಂಚನೆಯಲ್ಲವೇ? ಧರ್ಮವೆಂಬುದು ಭಯದಿಂದ ಹುಟ್ಟಿದ್ದು, ವಿಜ್ಞಾನ ಬೆಳೆದಂತೆ ಹೋಗಿಬಿಡುತ್ತದೆ ಎಂದು ಓದಿದ್ದೆ, ನಿಜವೇ? ಇನ್ನೊಂದು ಮಾತು. ನನ್ನ ಜೊತೆಗೆ ಓದಿದ ದಲಿತ ಗೆಳೆಯ ಅಪ್ಪನ ಮಣ್ಣಿಗೆ ಬಂದಿದ್ದ. ನಮ್ಮೂರ ಗುಡಿಯೊಳಗೆ ಅವನಿಗೆ ಇವತ್ತಿಗೂ ಕಾಲಿಡಲಾಗದು. ಇಂಥ ಧರ್ಮದಿಂದ ಮನುಷ್ಯನಿಗೆ ನಿಜವಾಗಿ ಏನಾಗಬೇಕಿದೆ?

ಉತ್ತರ: ಮೊದಲು ನಿಮ್ಮ ನಾಚಿಕೆಯ ಮಾತು, ಉಳಿದದ್ದು ಆಮೇಲೆ. ನೀವು ಮಾಡಿದ್ದು ಆತ್ಮವಂಚನೆಯಲ್ಲ. ಸಮಾಧಾನಕ್ಕೆ ಹೀಗೆ ಹೇಳುತ್ತಿಲ್ಲ. ಮೂವತ್ತು ವರ್ಷ ಸಮಾಜಶಾಸ್ತ್ರ ಕಲಿಸಿದ್ದೇನೆ. ರಜೆ ಸಿಕ್ಕಾಗಲೆಲ್ಲ ಕೊಪ್ಪಳ, ರಾಯಚೂರು ಜಿಲ್ಲೆಯ ಹಳ್ಳಿಗಳ ಜಾತ್ರೆಯಲ್ಲಿ, ಮಸೂತಿ ಕಟ್ಟೆಯ ಮೇಲೆ, ಸಾವಿನ ಮನೆಯ ಪಡಸಾಲೆಯಲ್ಲಿ ಕೂತು ಬರೆದುಕೊಂಡಿದ್ದೇನೆ. ಆ ಬಲದ ಮೇಲೆ ಹೇಳುತ್ತಿದ್ದೇನೆ.

ಧರ್ಮವೆಂದರೆ ನಂಬಿಕೆ, ಆಚರಣೆ ಹುಟ್ಟುವುದು ಅದರಿಂದ, ಹಾಗಾಗಿ ನಂಬಿಕೆಯಿಲ್ಲದವನ ಆಚರಣೆ ಸುಳ್ಳು. ನಿಮ್ಮ ಪತ್ರದ ಹಿಂದೆ ಇರುವುದು ಈ ಲೆಕ್ಕ. ದೊಡ್ಡ ದೊಡ್ಡ ವಿದ್ವಾಂಸರೂ ಹೀಗೇ ಲೆಕ್ಕ ಹಾಕಿದ್ದರು. ಇಂಗ್ಲೆಂಡಿನ ಮಾನವಶಾಸ್ತ್ರಜ್ಞ ಎಡ್ವರ್ಡ್ ಟೈಲರ್ 1871ರಲ್ಲಿ ಧರ್ಮವನ್ನು ಅಶರೀರ ಜೀವಗಳಲ್ಲಿಡುವ ನಂಬಿಕೆ ಎಂದೇ ವ್ಯಾಖ್ಯಾನಿಸಿದ. ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ ಮಕ್ಕಳಿಗೆ ಅದನ್ನೇ ಬರೆಸುತ್ತಿದ್ದೆ. ಹಳ್ಳಿಗೆ ಹೋಗಿ ನೋಡಿದ ಮೇಲೆ ಆ ಲೆಕ್ಕ ತಿರುಗುಮುರುಗು ಎನ್ನಿಸಿತು. ಜನ ಮೊದಲು ಮಾಡುತ್ತಾರೆ, ಕೂಡಿ ಮಾಡುತ್ತಾರೆ. ನಂಬಿಕೆ ಕೆಲವರಿಗೆ ಮಾಡುತ್ತ ಮಾಡುತ್ತ ಬರುತ್ತದೆ, ಕೆಲವರಿಗೆ ಬರುವುದೇ ಇಲ್ಲ. ಬಾರದವರೂ ಬಿಡದೆ ಮಾಡುತ್ತಾರೆ.

ನಿಮ್ಮ ಅಪ್ಪ ಹೋದ ದಿನವನ್ನೇ ನೆನಪಿಸಿಕೊಳ್ಳಿ. ‘ಮಣ್ಣಿಗೆ ಹೋಗಬೇಕು’ ಎನ್ನುತ್ತಾರೆ ನಮ್ಮ ಕಡೆ. ಹತ್ತಿ ಬಿಡಿಸುವುದನ್ನು ಅರ್ಧಕ್ಕೆ ಬಿಟ್ಟು, ಟಂಟಂ ಹತ್ತಿ, ಅಪರೂಪಕ್ಕೆ ಮಾತಾಡುವ ಬೀಗರೂ ಬಂದಿರುತ್ತಾರೆ. ಯಾರೋ ಕುಣಿ ತೋಡಿದರು. ಒಲೆ ಹಚ್ಚದ ಮನೆಗೆ ಪಕ್ಕದ ಮನೆಯವರು ರೊಟ್ಟಿ, ಪಲ್ಯೆ, ಬೇಳೆಸಾರು ಹೊತ್ತು ತಂದರು. ರಾತ್ರಿಯಿಡೀ ಭಜನಿ ಮೇಳದವರು ತಾಳ ಹಿಡಿದು ಕೂತರು, ನಿಮ್ಮ ಅವ್ವ ಒಂಟಿಯಾಗಿ ಹೆಣ ಕಾಯಬೇಕಾಗಲಿಲ್ಲ. ಅವರಲ್ಲಿ ಒಬ್ಬರಾದರೂ ನಿಮಗೆ ಆತ್ಮದಲ್ಲಿ ನಂಬಿಕೆ ಇದೆಯೇ ಎಂದು ಕೇಳಿದರೇ? ಊರಿನ ಹಿರಿಯರ ಕಾಲಿಗೆ ಬೀಳುತ್ತೀರಿ, ಆ ಕಾಲಿನಲ್ಲಿ ಏನೋ ಶಕ್ತಿಯಿದೆ ಎಂದು ಎಣಿಸಿ ಬೀಳುವುದಿಲ್ಲ. ಹಾಲುತುಪ್ಪವೂ ಹಾಗೆಯೇ. ತಂದೆಯನ್ನು ಮಣ್ಣಿಗೆ ಕೊಟ್ಟ ಮಗ ಅವರಿಗಾಗಿ ಇನ್ನು ಮಾಡಬಹುದಾದದ್ದು ಏನೂ ಇಲ್ಲ ಎಂದು ಕಂಗೆಟ್ಟು ನಿಂತಿರುವಾಗ, ಇದೊಂದು ಇದೆ ನೋಡಪ್ಪ ಎಂದು ಊರು ಕೈಗೆ ಚೊಂಬು ಕೊಡುತ್ತದೆ. ಆ ಚೊಂಬು ಕೈಗೆ ಬಂದಾಗ ನಿಮ್ಮ ಅಳುವಿಗೆ ದಾರಿ ಸಿಕ್ಕಿತು. ನಾಚುವಂಥದ್ದು ಇದರಲ್ಲಿ ಏನಿದೆ?

ಧರ್ಮ ಭಯದ ಕೂಸೇ ಎಂದು ಕೇಳಿದ್ದೀರಿ. ಊರಿಗೆ ಬಂದಾಗ ಗಂಗಾವತಿಯ ಮೇಲೆ ಹಿರೇಬೆಣಕಲ್ಲಿಗೆ ಹೋಗಿಬನ್ನಿ. ಊರು ದಾಟಿ, ಬಂಡೆಗಳ ಸಂದಿಯಲ್ಲಿ ಏದುಸಿರು ಬಿಡುತ್ತ ಗುಡ್ಡ ಏರಿದರೆ ಮೇಲೆ ಕಲ್ಲಿನ ಮನೆಗಳ ಕೇರಿಯೇ ಕಾಣುತ್ತದೆ. ಸುತ್ತಲೂ ನಿಲ್ಲಿಸಿದ ಚಪ್ಪಡಿ, ಅದರ ಮೇಲೆ ಹೊದಿಸಿದ ಇನ್ನೊಂದು ಚಪ್ಪಡಿ, ಕೆಲವಕ್ಕೆ ಒಂದು ಗೋಡೆಯಲ್ಲಿ ದುಂಡನೆಯ ಕಿಂಡಿ. ಸುಮಾರು 400 ಇವೆ. ಸುತ್ತಲಿನ ಜನ ಅದನ್ನು ಮೋರ್ಯರ ಗುಡ್ಡ ಎನ್ನುತ್ತಾರೆ, ಗಿಡ್ಡ ಆಳುಗಳು ಬಾಳಿದ ಮನೆಗಳು ಎಂದು ಕಥೆ ಹೇಳುತ್ತಾರೆ. ಅವು ಬಾಳಿದವರ ಮನೆಗಳಲ್ಲ, ಸತ್ತವರಿಗೆಂದು ಕಟ್ಟಿದವು. ಕಬ್ಬಿಣದ ಕಾಲದವು, ಕ್ರಿಸ್ತಪೂರ್ವ 800ರಿಂದ 200ರ ನಡುವಿನವು ಎಂದು ಪುರಾತತ್ವಜ್ಞರ ಅಂದಾಜು. ಒಂದು ಚಪ್ಪಡಿಯ ಅಂಚಿಗೆ ಅಂಗೈ ಇಟ್ಟು ನೋಡಿ. ಎಬ್ಬಿಸಿದ ಬಂಡೆಯ ಒರಟು ಇನ್ನೂ ಕೈಗೆ ತಾಗುತ್ತದೆ. ಒಬ್ಬಿಬ್ಬರಿಂದ ಅಲುಗಿಸಲಾಗದ ಕಲ್ಲು ಅದು, ಹತ್ತಾರು ಜನ ಹೆಗಲು ಕೊಟ್ಟಿರಬೇಕು. ಅಲ್ಲೇ ಎತ್ತರದಲ್ಲಿ ನಗಾರಿಯ ಆಕಾರದ ಬಂಡೆಯೊಂದಿದೆ, ಬಡಿದರೆ ದನಿ ದೂರದವರೆಗೆ ಹೋಗುತ್ತದೆ. ಕರೆದರೆ ಬರುವ ಜನ ಸುತ್ತ ಇದ್ದರು ಎಂದು ನನಗೆ ಅಲ್ಲಿ ನಿಂತಾಗಲೆಲ್ಲ ಅನ್ನಿಸುತ್ತದೆ.

ಬರಿಯ ಭಯವಿದ್ದಿದ್ದರೆ ಹೆಣವನ್ನು ದೂರ ಎಸೆದು ಓಡುತ್ತಿದ್ದರು. ಇವರು ಕಲ್ಲು ಹೊತ್ತು ಗುಡ್ಡ ಏರಿದ್ದಾರೆ. ಭಯ ಇರಲಿಲ್ಲ ಎಂದಲ್ಲ, ಸಾವಿನ ಮುಂದೆ ಯಾರಿಗಿಲ್ಲ? ಆದರೆ ಆ ಭಯದ ಜೊತೆಗೆ ಬಿಟ್ಟುಕೊಡಲಾರೆವು ಎಂಬ ಮಮತೆಯೂ ಇದೆ, ಒಬ್ಬನ ದುಃಖಕ್ಕೆ ಹತ್ತು ಹೆಗಲು ಸೇರಬೇಕು ಎಂಬ ಕಟ್ಟಳೆಯೂ ಇದೆ. ಅವರು ಕೈಮುಗಿದ ದೇವರ ಹೆಸರು ಒಂದೂ ಉಳಿದಿಲ್ಲ, ನಂಬಿದ್ದ ಮಾತೆಲ್ಲ ಗಾಳಿಗೆ ಹೋಗಿದೆ. ಕೂಡಿ ಮಾಡಿದ ಕೆಲಸ ಎರಡೂವರೆ ಸಾವಿರ ವರ್ಷದ ಬಿಸಿಲಿಗೆ ಜಗ್ಗದೆ ನಿಂತಿದೆ. ಅದಕ್ಕೂ ಹಿಂದಕ್ಕೆ ಹೋಗಬೇಕೆಂದರೆ ಬಳ್ಳಾರಿ–ಹೊಸಪೇಟೆ ದಾರಿಯಲ್ಲಿ ಕುಡತಿನಿಯ ಬೂದಿಗುಡ್ಡವಿದೆ. ರಾಕ್ಷಸನನ್ನು ಸುಟ್ಟ ಬೂದಿ ಎಂದು ಜನ ಹೇಳುತ್ತ ಬಂದರು. ಪರೀಕ್ಷೆ ಮಾಡಿದಾಗ ಅದು ನವಶಿಲಾಯುಗದ ದನಗಾಹಿಗಳು ರಾಶಿ ಹಾಕಿ, ಮತ್ತೆ ಮತ್ತೆ ಸುಟ್ಟ ಸೆಗಣಿ ಎಂದು ತಿಳಿಯಿತು. ಹೊಲಕ್ಕೆ ಬೀಳಬೇಕಾದ ಗೊಬ್ಬರವನ್ನು ಹೀಗೆ ಗುಡ್ಡವಾಗುವಷ್ಟು ಸುಟ್ಟದ್ದು ದನಕರುಗಳ ಹೆಸರಿನ ಯಾವುದೋ ಆಚರಣೆಗೆ ಎಂದು ಹಲವು ವಿದ್ವಾಂಸರು ಭಾವಿಸಿದ್ದಾರೆ. ಇವತ್ತಿಗೂ ದೀಪಾವಳಿಯಲ್ಲಿ ನಮ್ಮ ಹೆಣ್ಣುಮಕ್ಕಳು ಸೆಗಣಿಯ ಪಾಂಡವರನ್ನು ಮಾಡಿ, ಚೆಂಡುಹೂ ಸಿಗಿಸಿ ಹೊಸ್ತಿಲಿಗೆ ಇಡುವುದನ್ನು ಕಂಡಾಗ ನನಗೆ ಕುಡತಿನಿ ನೆನಪಾಗುತ್ತದೆ. ಅದಕ್ಕೂ ಇದಕ್ಕೂ ನೇರ ನಂಟು ಕಟ್ಟಲು ಹೊರಟಿಲ್ಲ. ಬದುಕು ಯಾವುದರ ಮೇಲೆ ನಿಂತಿದೆಯೋ ಅದನ್ನು ಬರಿಗೈಯಲ್ಲಿ ಮುಟ್ಟಿ ನೆನೆಯುವ ಚಾಳಿ ಇಲ್ಲಿ ಹಳೆಯದು ಎಂದಷ್ಟೇ ಹೇಳುತ್ತಿದ್ದೇನೆ.

ಈಗ ‘ಧರ್ಮ’ ಎಂಬ ಪದದ ಗೊಂದಲ. ಬಸ್‌ಸ್ಟ್ಯಾಂಡಿನಲ್ಲಿ ಮುದುಕಿ ‘ಧರ್ಮಾ ಮಾಡ್ರೀ ಯಪ್ಪಾ’ ಎಂದಾಗ ಆಕೆ ಕೇಳುವುದು ಎರಡು ರೂಪಾಯಿ. ಬೆಂಕಿಯ ಧರ್ಮ ಸುಡುವುದು ಎಂದಾಗ ಅದು ಸ್ವಭಾವ. ಧರ್ಮಸಂಕಟ ಎಂದಾಗ ಕರ್ತವ್ಯ. ಶಾಲೆಯ ದಾಖಲಾತಿ ಅರ್ಜಿಯಲ್ಲಿ ‘ಧರ್ಮ’ ಎಂಬ ಕಾಲಂ ಬಂದಾಗ ಮಾತ್ರ ಹಿಂದೂ, ಮುಸ್ಲಿಂ, ಕ್ರೈಸ್ತ ಎಂದು ತುಂಬುತ್ತೇವೆ. ಈ ಕಾಲಂ ಹಳೆಯದಲ್ಲ. ಮದ್ರಾಸ್ ಪ್ರಾಂತ್ಯದಲ್ಲಿದ್ದ ಬಳ್ಳಾರಿಗೆ ಅದು ಬಂದದ್ದು 1871ರ ಜನಗಣತಿಯಲ್ಲಿ, ನಿಜಾಮರ ಆಳ್ವಿಕೆಯಲ್ಲಿದ್ದ ರಾಯಚೂರು, ಕೊಪ್ಪಳಕ್ಕೆ 1881ರಲ್ಲಿ. ಅಲ್ಲಿಗೆ ಹಿಂದೆ ಜನ ತಾವು ಯಾವ ಗುರುವಿನ ಒಕ್ಕಲು, ಯಾವ ದೇವರ ಮನೆತನ ಎಂದು ಹೇಳುತ್ತಿದ್ದರೇ ಹೊರತು ಒಂದೇ ಪದದಲ್ಲಿ ಧರ್ಮ ಹೇಳಿ ಎಂದರೆ ತಡವರಿಸುತ್ತಿದ್ದರು. ನಿಮ್ಮ ಪ್ರಶ್ನೆಯಲ್ಲಿರುವ ಧರ್ಮವೂ ಈ ಕಾಲಮ್ಮಿನ ಧರ್ಮವೇ. ಅದರ ಹಿಂದೆ ಹಳೆಯ, ಅಗಲವಾದ ಅರ್ಥವೊಂದಿದೆ.

ಆ ಅರ್ಥವನ್ನು ಕಲ್ಲಿನಲ್ಲಿ ಕೊರೆದಿಟ್ಟವನು ಅಶೋಕ. ಅದು ನಮ್ಮ ನೆಲದಲ್ಲೇ ಇದೆ. ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್‌ಗೆ ಬಂಡೆಯ ಮೇಲಿನ ಬರಹ ಕಂಡಿತು. ಅಲ್ಲಿಯವರೆಗೆ ಬರೀ ‘ದೇವಾನಾಂಪ್ರಿಯ’ ಎಂದು ಶಾಸನಗಳಲ್ಲಿ ಕಾಣುತ್ತಿದ್ದ ದೊರೆಯೇ ಅಶೋಕ ಎಂದು ಹೆಸರು ಹಿಡಿದು ಹೇಳಿದ ಕಲ್ಲು ಅದು. ಕೊಪ್ಪಳದ ಗವಿಮಠದ ಗುಡ್ಡದ ಮೇಲೆ, ಎದುರಿನ ಪಲ್ಕಿಗುಂಡಿನ ಮೇಲೆ 1931ರಲ್ಲಿ ಇನ್ನೆರಡು ಸಿಕ್ಕವು. ಗವಿಮಠದ ಶಾಸನದಲ್ಲಿ ದೊರೆ ಹೇಳುವ ಮಾತಿನ ಸಾರ ಇಷ್ಟು: ನಾನು ಉಪಾಸಕನಾಗಿ, ಅಂದರೆ ಬುದ್ಧನ ಗೃಹಸ್ಥ ಅನುಯಾಯಿಯಾಗಿ, ಎರಡೂವರೆ ವರ್ಷವಾಯಿತು, ಮೊದಮೊದಲು ಹೆಚ್ಚು ಶ್ರಮಪಡಲಿಲ್ಲ, ಆಮೇಲೆ ಪಟ್ಟೆ. ಶ್ರಮಪಟ್ಟರೆ ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ಇದರ ಫಲ ಸಿಗುತ್ತದೆ. ಚಕ್ರವರ್ತಿಯೊಬ್ಬ ನನಗೂ ಮೊದಲು ಆಗಲಿಲ್ಲ ಎಂದು ಕಲ್ಲಿನಲ್ಲಿ ಕೊರೆಸಿದ್ದು ನನಗೆ ಈಗಲೂ ಬೆರಗು. ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉಡೇಗೋಳದ ಬಂಡೆಗಳಲ್ಲಿ ಇನ್ನೂ ಸರಳ ಮಾತು: ತಾಯಿ ತಂದೆಯ ಮಾತು ಕೇಳಬೇಕು, ಜೀವಿಗಳ ಮೇಲೆ ದಯೆ ಇರಬೇಕು, ನಿಜ ನುಡಿಯಬೇಕು. ಯಾವ ದೇವರನ್ನು ನಂಬಬೇಕೆಂದು ಅಲ್ಲಿ ಒಂದು ಸಾಲೂ ಇಲ್ಲ. ಇದೇ ದೊರೆ ದೂರದ ಅಫ್ಘಾನಿಸ್ತಾನದ ಕಂದಹಾರದಲ್ಲಿ ಗ್ರೀಕರಿಗೆಂದು ಬರೆಸಿದ ಶಾಸನ 1958ರಲ್ಲಿ ಸಿಕ್ಕಿತು. ಅಲ್ಲಿ ‘ಧಮ್ಮ’ ಎಂಬುದಕ್ಕೆ ಹಾಕಿದ ಗ್ರೀಕ್ ಪದ ‘ಯುಸೆಬಿಯ’. ದೇವರು, ಹೆತ್ತವರು, ಹಿರಿಯರು ಎಂಬ ಭಕ್ತಿ–ಗೌರವ ಎಂದು ಅದರ ಅರ್ಥ.

ಹಾಗೆಂದು ಧರ್ಮವೆಂದರೆ ಬರೀ ಒಳ್ಳೆಯ ನಡತೆ ಎಂದು ಮುಗಿಸಲಾಗದು. ಒಳ್ಳೆಯ ನಡತೆಗೆ ಕೊಂಡ ಹಾಯಬೇಕಿಲ್ಲ, ತೇರು ಎಳೆಯಬೇಕಿಲ್ಲ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಖೈಮ್ 1912ರಲ್ಲಿ ಹೇಳಿದ ಮಾತು ಇಲ್ಲಿ ಕೆಲಸಕ್ಕೆ ಬರುತ್ತದೆ. ಜನ ಕೆಲವು ವಸ್ತುಗಳನ್ನು, ದಿನಗಳನ್ನು, ಜಾಗಗಳನ್ನು ದಿನಬಳಕೆಯಿಂದ ಬೇರೆಯಾಗಿಸಿ ಪವಿತ್ರವೆಂದು ಎತ್ತಿಡುತ್ತಾರೆ, ಆ ಪವಿತ್ರದ ಸುತ್ತ ಕೂಡಿದವರು ಒಂದು ಸಮುದಾಯವಾಗುತ್ತಾರೆ ಎಂಬುದು ಅವನ ತಿಳಿವಳಿಕೆ. ಪುಸ್ತಕದಲ್ಲಿ ಓದಿದಾಗ ಇದು ಒಣ ಮಾತಾಗಿತ್ತು. ಕುಷ್ಟಗಿ ತಾಲ್ಲೂಕಿನ ಒಂದು ಊರಿನ ಮೊಹರಂನಲ್ಲಿ ಅದಕ್ಕೆ ಜೀವ ಬಂದದ್ದನ್ನು ನೋಡಿದೆ.

ಆ ಊರಲ್ಲಿ ಮುಸಲ್ಮಾನರ ಮನೆ ಒಂದೂ ಇಲ್ಲ. ಆದರೂ ಮಸೂತಿ ಇದೆ, ಮೊಹರಂನಲ್ಲಿ ಕೂರಿಸುವ ಅಲಾವಿ ದೇವರಿವೆ. ಅಮಾವಾಸ್ಯೆ ಕಳೆದು ಚಂದ್ರ ಕಂಡ ಮೇಲೆ ಗುದ್ದಲಿ ಹಾಕಿ ಬೆಂಕಿಯ ಕುಣಿ ತೋಡುತ್ತಾರೆ. ಹರಕೆ ಹೊತ್ತವರು ಕೊರಳಿಗೆ ಕೆಂಪು ಲಾಡಿ ಹಾಕಿಕೊಂಡು ಫಕೀರರಾಗುತ್ತಾರೆ. ಹೆಂಗಸರು ಸಕ್ಕರೆ, ಚೊಂಗೆ ತಂದು ಓದಿಸುತ್ತಾರೆ. ರಾತ್ರಿ ಕುಣಿಯ ಸುತ್ತ ಹೆಜ್ಜೆಮೇಳ. ದೇವರು ಹಿಡಿಯುವವರು ಹಾಲುಮತದ ಹಿರಿಯರೊಬ್ಬರು, ಆಗ ಅವರಿಗೆ ಎಪ್ಪತ್ತರ ಮೇಲೆ. ಕತ್ತಲ ರಾತ್ರಿಯ ದಿನ, ಅಂದರೆ ಮೊಹರಂನ ಕೊನೆಯ ರಾತ್ರಿ, ಅಂಗೈ ಆಕಾರದ ಪಂಜಾಕ್ಕೆ ರೇಷ್ಮೆ ಬಟ್ಟೆ ಸುತ್ತಿ ಕೂತಿದ್ದ ಅವರನ್ನು ಹತ್ತಿರ ಹೋಗಿ ಕೇಳಿದೆ, ‘ಯಜಮಾನ್ರ, ಹುಸೇನ್ ಅಂದ್ರ ಯಾರಂತ ನಿಮಗ ಗೊತ್ತೇನ್ರಿ?’ ಪ್ರವಾದಿಯ ಮೊಮ್ಮಗ, ಕ್ರಿಸ್ತಶಕ 680ರಲ್ಲಿ ಕರ್ಬಲಾದ ಕಾಳಗದಲ್ಲಿ ಸತ್ತವನು ಎಂಬುದೆಲ್ಲ ನನ್ನ ನೋಟ್‌ಬುಕ್ಕಿನಲ್ಲಿತ್ತು. ಅವರು ಬಟ್ಟೆಯ ಗಂಟು ಬಿಗಿಯುತ್ತಲೇ ಹೇಳಿದರು: ‘ನೀರಡಿಸಿ ಸತ್ತಾರ್ರಿ ಅಕ್ಕೋರ. ಹೊಳಿ ಎದುರಿಗೇ ಇತ್ತಂತ, ಮುಟ್ಟಾಕ ಬಿಡ್ಲಿಲ್ಲಂತ. ನೀರಿಲ್ದ ಸಾಯೋದು ಅಂದ್ರ ಏನಂತ ನಮಗ ಯಾರೂ ಕಲಿಸ್ಬೇಕಿಲ್ರಿ.’

ನಾನು ನೋಟ್‌ಬುಕ್ ಮುಚ್ಚಿದೆ. ಬರದ ನಾಡಿನ ಮನುಷ್ಯ ಸಾವಿರದ ಮುನ್ನೂರು ವರ್ಷ ಹಿಂದಿನ, ಸಾವಿರಾರು ಮೈಲಿ ಆಚೆಯ ಸಾವೊಂದನ್ನು ತನ್ನ ಗಂಟಲಿನ ಒಣಗಿನಿಂದ ಅರ್ಥ ಮಾಡಿಕೊಂಡಿದ್ದ. ಇದಕ್ಕೆ ನಂಬಿಕೆ ಎಂಬ ಪದ ಸಾಲದು. ಬೇರೆಯವರ ಸಂಕಟಕ್ಕೆ ವರ್ಷಕ್ಕೊಮ್ಮೆ ತನ್ನ ಊರಲ್ಲಿ ಜಾಗ ಮಾಡಿಕೊಡುವುದು ಎನ್ನಬೇಕೇನೋ. ಮುದಗಲ್ಲಿನ ಮೊಹರಂಗೆ ಸುತ್ತಲ ತಾಲ್ಲೂಕುಗಳಿಂದ ಎಲ್ಲ ಜಾತಿಯ ಜನ ಹೋಗುವುದು ನಿಮಗೆ ಗೊತ್ತೇ ಇದೆ, ನಿಮ್ಮ ಮನೆಯಲ್ಲೂ ಯಾರಾದರೂ ಸಕ್ಕರೆ ಓದಿಸಿರಬಹುದು, ಅವ್ವನನ್ನು ಕೇಳಿ.

ಇನ್ನು ವಿಜ್ಞಾನ. ಪೋಲೆಂಡಿನ ಮಾಲಿನೋವ್‌ಸ್ಕಿ ಎಂಬ ಮಾನವಶಾಸ್ತ್ರಜ್ಞ ಮೊದಲ ಮಹಾಯುದ್ಧದ ವರ್ಷಗಳಲ್ಲಿ ನ್ಯೂಗಿನಿಯ ಬಳಿಯ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿದ್ದ. ಅಲ್ಲಿನ ಬೆಸ್ತರು ದಡದ ಒಳಗಿನ ಶಾಂತ ನೀರಿನಲ್ಲಿ ಮೀನು ಹಿಡಿಯುವಾಗ ಯಾವ ಮಂತ್ರ ತಂತ್ರಕ್ಕೂ ಹೋಗುತ್ತಿರಲಿಲ್ಲ. ತೆರೆದ ಕಡಲಿಗೆ ದೋಣಿ ಇಳಿಸುವಾಗ ಮಾತ್ರ ಸಾಲುಸಾಲು ಆಚರಣೆ. ಕೈಲಾಗುವ ಕಡೆ ಕೈ ಸಾಕು, ಕೈಮೀರಿದ ಕಡೆ ಇನ್ನೇನೋ ಬೇಕು. ನಮ್ಮಲ್ಲೂ ಹಾಗೆಯೇ. ಯಲಬುರ್ಗಾ, ಕುಷ್ಟಗಿಯ ಮಳೆ ನಂಬಿದ ಎರೆಹೊಲದ ಊರುಗಳಲ್ಲಿ ಮಳೆ ಹೋದರೆ ಹುಡುಗರು ರೊಟ್ಟಿ ಹಂಚಿನ ಮೇಲೆ ಮಣ್ಣಿನ ಬೊಂಬೆ ಗುರ್ಜಿಯನ್ನು ಹೊತ್ತು ಮನೆಮನೆಗೆ ಹೋಗುತ್ತಾರೆ, ಹೆಂಗಸರು ಕೊಡ ಬಗ್ಗಿಸಿ ನೀರು ಸುರಿಯುತ್ತಾರೆ. ಊರವರೆಲ್ಲ ವಾರದ ಒಂದು ದಿನ ಗೊತ್ತುಮಾಡಿ, ಐದು ವಾರ ಆ ದಿನ ಹೊಲಕ್ಕೆ ಕಾಲಿಡುವುದಿಲ್ಲ. 1953ರಿಂದ ತುಂಗಭದ್ರೆಯ ನೀರು ಕಾಣತೊಡಗಿದ ಗಂಗಾವತಿ, ಕಾರಟಗಿ, ನಿಮ್ಮ ಸಿಂಧನೂರಿನ ಗದ್ದೆಯ ಊರುಗಳಲ್ಲಿ ನಾನು ಗುರ್ಜಿ ಕಂಡದ್ದು ತೀರಾ ಕಡಿಮೆ. ಹರಕೆಗಳೇನೂ ಅಲ್ಲಿ ಕಮ್ಮಿಯಾಗಿಲ್ಲ. ಸಾಲ ತೀರಲಿ, ಕಾಲುವೆಯ ಕೊನೆಯ ಹೊಲಕ್ಕೂ ನೀರು ಮುಟ್ಟಲಿ, ಮಗಳಿಗೆ ಸೀಟು ಸಿಗಲಿ, ಕುಡಿಯುವುದನ್ನು ಮಗ ಬಿಡಲಿ ಎಂದು ನಮ್ಮ ಕಡೆಯ ದೇವಿ ಹುಲಿಗೆಮ್ಮನ ಮುಂದೆ ಬೇಡಿಕೊಳ್ಳುವುದನ್ನು ಕಿವಿಯಾರೆ ಕೇಳಿದ್ದೇನೆ. ಅನಿಶ್ಚಯ ಜಾಗ ಬದಲಿಸಿದಂತೆ ದೇವರ ಕೆಲಸವೂ ಜಾಗ ಬದಲಿಸಿತು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಚೈನ್ ಕಡಿದು ಕೊಚ್ಚಿಹೋದದ್ದು ನಿಮಗೂ ನೆನಪಿರಬೇಕು. ಭತ್ತ ನಾಟಿಯ ಕಾಲ, ತುಂಬಿದ ನೀರು ಕಣ್ಣೆದುರೇ ಹೊಳೆಗೆ ಹೋಗುತ್ತಿತ್ತು. ನಮ್ಮ ಓಣಿಯ ಹೆಂಗಸರು ಹುಲಿಗೆಮ್ಮನಿಗೆ ಉಡಿ ತುಂಬುವ ಹರಕೆ ಹೊತ್ತರು. ಎಂಜಿನಿಯರುಗಳು, ಕೂಲಿಕಾರರು ಭೋರ್ಗರೆವ ನೀರಿನಲ್ಲೇ ಗೇಟಿನ ಬದಲಿಗೆ ನೀರು ತಡೆಯುವ ಉಕ್ಕಿನ ಸ್ಟಾಪ್‌ಲಾಗ್ ಇಳಿಸಿ ಒಂದು ವಾರದಲ್ಲಿ ಅದನ್ನು ತಡೆದರು. ಹರಕೆ ಹೊತ್ತವರಲ್ಲಿ ಒಬ್ಬಳೂ ಎಂಜಿನಿಯರ್ ಬೇಡ ಎನ್ನಲಿಲ್ಲ, ಅಮ್ಮನೇ ಗೇಟು ಕೂರಿಸುತ್ತಾಳೆ ಎಂದೂ ಹೇಳಲಿಲ್ಲ. ಆ ಏಳು ದಿನ ನಿದ್ದೆ ಬಾರದ ರಾತ್ರಿಗಳನ್ನು ಕಳೆಯಲು ಅವರಿಗೆ ಏನಾದರೂ ಬೇಕಿತ್ತು. ಗೇಟು ಕೂರಿಸುವುದು ಒಂದು ಕೆಲಸ, ಗೇಟು ಕೂರುವವರೆಗೆ ಎದೆ ಒಡೆಯದಂತೆ ಇರುವುದು ಇನ್ನೊಂದು. ವಿಜ್ಞಾನ ಮೊದಲನೆಯದನ್ನು ಧರ್ಮದ ಕೈಯಿಂದ ಕಿತ್ತುಕೊಂಡಿದೆ, ಒಳ್ಳೆಯದೇ ಆಯಿತು. ಕಾಮಾಲೆಗೆ ತಾಯತ ಕಟ್ಟಿ ಆಸ್ಪತ್ರೆ ತಪ್ಪಿಸಿದ ಮನೆಗಳಲ್ಲಿ ಏನಾಗುತ್ತದೆ ಎಂದು ಕಂಡವಳು ನಾನು. ಎರಡನೆಯ ಕೆಲಸವನ್ನು ವಿಜ್ಞಾನ ಕೇಳಿಕೊಂಡು ಬಂದಿಲ್ಲ.

ಧರ್ಮವನ್ನು ಅಫೀಮು ಎಂದ ಮಾರ್ಕ್ಸ್‌ನ ಮಾತನ್ನು ನೀವೂ ಓದಿರುತ್ತೀರಿ. 1844ರಲ್ಲಿ ಅಚ್ಚಾದ ಆ ಬರಹದಲ್ಲಿ ಅದರ ಹಿಂದಿನ ಸಾಲನ್ನು ಬಹಳ ಜನ ಓದುವುದಿಲ್ಲ. ಧರ್ಮ ನೊಂದ ಜೀವದ ನಿಟ್ಟುಸಿರು, ಹೃದಯವಿಲ್ಲದ ಲೋಕದ ಹೃದಯ ಎಂದು ಅಲ್ಲಿದೆ. ಅಫೀಮು ಆಗ ನೋವಿನ ಮದ್ದೂ ಆಗಿತ್ತು. ನೋವು ಮರೆಸುವ ಮದ್ದು ರೋಗವನ್ನೂ ಮರೆಸುತ್ತದೆ ಎಂಬುದು ಅವನ ಆಕ್ಷೇಪ. ಅದು ಸುಳ್ಳಲ್ಲ, ನಿಮ್ಮ ಗೆಳೆಯನ ಮಾತಿಗೆ ಬಂದಾಗ ಅದು ಕಾಣುತ್ತದೆ.

ನಾನು ಇಷ್ಟು ಹೊತ್ತು ಕೂಡುವುದರ ಬಗ್ಗೆ ಬರೆದೆ. ಕೂಡುವುದಕ್ಕೆ ಒಂದು ಅಂಚು ಇರುತ್ತದೆ, ಅಂಚಿನ ಆಚೆ ಯಾರೋ ಇರುತ್ತಾರೆ. ಪವಿತ್ರ ಎಂದು ಒಂದನ್ನು ಎತ್ತಿಟ್ಟ ಕೈಯೇ ಮೈಲಿಗೆ ಎಂದು ಇನ್ನೊಂದನ್ನು ತಳ್ಳುತ್ತದೆ. ಡರ್ಖೈಮ್ ಈ ಮಗ್ಗುಲಿನ ಬಗ್ಗೆ ಸಾಕಷ್ಟು ಯೋಚಿಸಲಿಲ್ಲ ಎಂಬುದು ನನ್ನ ಅಭಿಪ್ರಾಯ. ಈ ನಾಡಿನಲ್ಲಿ ಹುಟ್ಟಿದ್ದರೆ ಯೋಚಿಸದೆ ಇರಲಾಗುತ್ತಿರಲಿಲ್ಲ. 2021ರ ಸೆಪ್ಟೆಂಬರಿನಲ್ಲಿ ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಎರಡು ವರ್ಷದ ದಲಿತ ಮಗು ಹನುಮಪ್ಪನ ಗುಡಿಯೊಳಗೆ ಓಡಿಹೋಯಿತು ಎಂದು ಆ ಮನೆಯವರಿಗೆ ದಂಡ ಹಾಕಿದ ಸುದ್ದಿ ನಾಡೆಲ್ಲ ಓದಿತು. ಮಗು ಕೈಮುಗಿಯಲು ಕಲಿಯುವ ವಯಸ್ಸು ಅದು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ತೆಗೆದುಹಾಕಿ ಅಷ್ಟು ವರ್ಷವಾಗಿದ್ದರೂ ಗುಡಿಯ ಹೊಸ್ತಿಲು ಹೊಸ್ತಿಲಾಗಿಯೇ ಉಳಿದಿತ್ತು. ಅಮ್ಮನ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯರಾಗಿ ಬಿಡುವ ಪದ್ಧತಿಯನ್ನು ನಿಷೇಧಿಸಲು 1982ರಲ್ಲಿ ಕಾಯ್ದೆಯೇ ಬೇಕಾಯಿತು. ಮುತ್ತು ಕಟ್ಟಿಸಿಕೊಂಡವರಲ್ಲಿ ಬಹುತೇಕರು ಬಡ ದಲಿತ ಮನೆಗಳ ಹುಡುಗಿಯರು. ಅವರಲ್ಲಿ ಕೆಲವರ ಜೊತೆ ಕೂತು ಮಾತಾಡಿದ್ದೇನೆ. ಅಮ್ಮನ ಮೇಲಿನ ಅವರ ಭಕ್ತಿ ಪೂರಾ ನಿಜ, ಅವರಿಗಾದ ಅನ್ಯಾಯವೂ ಪೂರಾ ನಿಜ. ಒಂದನ್ನು ತೋರಿಸಿ ಇನ್ನೊಂದನ್ನು ಮುಚ್ಚಿಡಲು ನಾನು ಒಪ್ಪುವುದಿಲ್ಲ.

ನನ್ನದೇ ಒಂದು ಸಂಗತಿ ಹೇಳುತ್ತೇನೆ. ನನ್ನ ಗಂಡ ತೀರಿಕೊಂಡದ್ದು 2004ರಲ್ಲಿ. ಮೂರು ದಿನ ನನಗೆ ಒಂದು ಲೋಟ ನೀರು ತುಂಬಿಕೊಳ್ಳುವ ಕೆಲಸವೂ ಬೀಳದಂತೆ ನೋಡಿಕೊಂಡವರು ಓಣಿಯ ಹೆಂಗಸರು. ತಲೆ ಬಾಚಿದರು, ರಾತ್ರಿ ಮಗ್ಗುಲಲ್ಲಿ ಮಲಗಿದರು. ಹತ್ತನೆಯ ದಿನ ಅದೇ ಹೆಂಗಸರು ಬಳೆ ಒಡೆಯಲು ಬಂದು ಸಾಲಾಗಿ ಕೂತರು. ಅವರಿಗೆ ನನ್ನ ಮೇಲೆ ದ್ವೇಷವಿರಲಿಲ್ಲ, ಮಾಡಬೇಕಾದದ್ದನ್ನು ಮಾಡಲು ಬಂದಿದ್ದರು. ನನಗೆ ಬಾಯಿ ಬರಲಿಲ್ಲ. ಸಮಾಜಶಾಸ್ತ್ರವೂ ನೆರವಿಗೆ ಬರಲಿಲ್ಲ. ಮೂಲೆಯಲ್ಲಿ ಕೂತಿದ್ದ ನನ್ನ ಅತ್ತೆ ಗೋಡೆ ಹಿಡಿದು ಎದ್ದರು. ಅವರು ಇಪ್ಪತ್ತಾರಕ್ಕೆ ಗಂಡನನ್ನು ಕಳೆದುಕೊಂಡವರು, ದಿನಾ ಇಷ್ಟಲಿಂಗ ಪೂಜೆಯಾಗದೆ ಬಾಯಿಗೆ ನೀರು ಹಾಕದವರು. ‘ನನ್ನ ಬಳಿ ಒಡ್ಯಾಕ ಬಂದಾಗ ತಡ್ಯಾಕ ಯಾರೂ ಇರ್ಲಿಲ್ಲ. ಈಕಿ ಕೈ ಯಾರೂ ಮುಟ್ಟಬ್ಯಾಡ್ರಿ’ ಎಂದರು. ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಸಾಲಿನಲ್ಲಿದ್ದ ಹಿರಿಯಾಕೆ ತಾನು ತಂದಿದ್ದ ತಟ್ಟೆಯನ್ನು ಸೆರಗಿನಲ್ಲಿ ಮುಚ್ಚಿ ಪಕ್ಕಕ್ಕಿಟ್ಟು, ‘ರೊಟ್ಟಿ ತಿಂದಿಯೇನವ್ವಾ’ ಎಂದು ನನ್ನನ್ನು ಕೇಳಿದಳು. ಆಮೇಲೆ ನಮ್ಮ ಓಣಿಯಲ್ಲಿ ಇನ್ನಿಬ್ಬರ ಬಳೆ ಉಳಿದವು.

ಅವತ್ತು ನನ್ನನ್ನು ಕಾದದ್ದು ಧರ್ಮದ ಹೊರಗೆ ನಿಂತವರಲ್ಲ, ಒಳಗೇ ಇದ್ದವರು. ಅತ್ತೆಗೆ ಆ ಮಾತು ಹೇಳುವ ಹಕ್ಕು ಬಂದದ್ದು ಆ ಆಚರಣೆಯನ್ನು ತಮ್ಮ ಮೈಮೇಲೆ ಉಂಡಿದ್ದರಿಂದ. ಆಚರಣೆ ಜನ ಕೂಡಿ ಮಾಡಿದ್ದಾದರೆ ಜನ ಕೂಡಿ ಬದಲಿಸಲೂಬಹುದು. ಕುಡತಿನಿಯ ಬೂದಿ ಕೂಡ ಒಂದು ದಿನ ಆರಿತು. ಬಳ್ಳಾರಿಯ ಗಡಿಯಾಚೆ, ಆಂಧ್ರದ ಎರ್ರಗುಡಿಯ ಬಂಡೆಯಲ್ಲಿ ಅಶೋಕನ ಇನ್ನೊಂದು ಮಾತಿದೆ: ತನ್ನ ಪಂಥವನ್ನು ಮೆರೆಸಲು ಬೇರೆಯವರ ಪಂಥವನ್ನು ಹೀಗಳೆಯುವವನು ತನ್ನ ಪಂಥಕ್ಕೇ ಹೆಚ್ಚು ಕೇಡು ಮಾಡುತ್ತಾನೆ. ಮೊಬೈಲಿನಲ್ಲಿ ದಿನಬೆಳಗಾದರೆ ಬರುವ ವಿಷದ ಸಂದೇಶಗಳನ್ನು ನೋಡಿದಾಗ ಈ ಮಾತನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಬೇಕು ಎನ್ನಿಸುತ್ತದೆ.

ಒಂದು ಧರ್ಮವೋ ಮಠವೋ ಹಬ್ಬವೋ ಮನುಷ್ಯನಿಗೆ ಏನು ಮಾಡುತ್ತಿದೆ ಎಂದು ತಿಳಿಯಲು ನಾನು ಅದರ ಗ್ರಂಥ ಓದುವುದಕ್ಕಿಂತ ಮೊದಲು ಊಟದ ಪಂಕ್ತಿ ನೋಡುತ್ತೇನೆ. ಜನವರಿಯ ಗವಿಮಠದ ಜಾತ್ರೆಗೆ ನೀವು ಬಂದಿರಬಹುದು. ಅಶೋಕನ ಶಾಸನವಿರುವ, ಜೈನರು ಕೊಪಣ ಎಂದು ಕರೆದು ತೀರ್ಥವೆಂದು ಪೂಜಿಸಿದ, ಆಮೇಲೆ ಶರಣರ ಮಠವಾದ ಅದೇ ಗುಡ್ಡದ ಕೆಳಗೆ ದಾಸೋಹ ನಡೆಯುತ್ತದೆ. ಸುತ್ತಲ ಹಳ್ಳಿಗಳಿಂದ ಟ್ರ್ಯಾಕ್ಟರಿನಲ್ಲಿ, ಚಕ್ಕಡಿಯಲ್ಲಿ ಜೋಳದ ರೊಟ್ಟಿ, ಮಾದಲಿ, ಕಾಳುಕಡಿ ಬರುತ್ತವೆ. ಒಮ್ಮೆ ಬಡಿಸುವ ಕಡೆ ನಿಂತಿದ್ದೆ. ರೊಟ್ಟಿಯ ಒಟ್ಟಿಲಿನಲ್ಲಿ ದಪ್ಪ, ತೆಳು, ಸ್ವಲ್ಪ ಕರಿಕಾದವು, ಎಳ್ಳು ಹಚ್ಚಿದವು, ಸಜ್ಜೆಯವು ಎಲ್ಲ ಬೆರೆತಿದ್ದವು. ಯಾವ ಮನೆಯ ಹಂಚಿನಿಂದ ಯಾವ ರೊಟ್ಟಿ ಬಂತು ಎಂದು ಹೇಳಲು ಸಾಧ್ಯವೇ ಇರಲಿಲ್ಲ. ತನ್ನ ಕೇರಿಯಲ್ಲಿ ಪಕ್ಕದವನ ಮನೆಯ ನೀರು ಮುಟ್ಟದವನೂ ಅಲ್ಲಿ ಯಾರದೋ ರೊಟ್ಟಿ ಮುರಿದು ತಿನ್ನುತ್ತಿದ್ದ. ಊರಿಗೆ ಮರಳಿದ ಮೇಲೆ ಅವನು ಬದಲಾದನೆಂದು ನಾನು ಹೇಳಲಾರೆ, ಬಹಳ ಜನ ಬದಲಾಗುವುದಿಲ್ಲ. ಆದರೆ ಹಾಗೆ ಉಣ್ಣಲು ಸಾಧ್ಯ ಎಂದು ಅವನ ಕೈಗೆ, ಬಾಯಿಗೆ ಗೊತ್ತಾಗಿದೆ. 2019ರಲ್ಲಿ ಅದೇ ಮಠದ ಮುಂದಾಳತ್ವದಲ್ಲಿ ಕೊಪ್ಪಳದ ಹಿರೇಹಳ್ಳದ ಹೂಳು, ಜಾಲಿ ತೆಗೆಯಲು ಜನ ಇಳಿದಾಗಲೂ ಯಾರ ಗುದ್ದಲಿ ಯಾವ ಜಾತಿಯದು ಎಂದು ಯಾರೂ ಕೇಳಲಿಲ್ಲ.

ನಿಮ್ಮ ಅಪ್ಪನ ವರ್ಷದ ಕಾರ್ಯಕ್ಕೆ ಇನ್ನು ಆರು ತಿಂಗಳಿದೆ. ನಂಬಿಕೆ ಇಲ್ಲದಿದ್ದರೂ ಮಾಡಿ, ಅವ್ವನ ಜೊತೆ ಕೂತು ಮಾಡಿ. ಮಾಡುವಾಗ ನಂಬಿದವರಂತೆ ನಟಿಸಬೇಕಿಲ್ಲ, ಅಪ್ಪನನ್ನು ನೆನೆದರೆ ಸಾಕು. ಆ ದಿನದ ಊಟಕ್ಕೆ ನಿಮ್ಮ ಗೆಳೆಯನನ್ನು ಕರೆಯಿರಿ. ಅವನಿಗೆ ಬರಲು ಮನಸ್ಸಿದೆಯೇ ಎಂದು ಮೊದಲು ಅವನನ್ನೇ ಕೇಳಿ, ಏಕೆಂದರೆ ಮರುದಿನ ನೀವು ಬೆಂಗಳೂರಿನ ಬಸ್ ಹತ್ತುತ್ತೀರಿ, ಅವನು ಅದೇ ಊರಲ್ಲಿ ಇರಬೇಕು. ಅವನು ಹೂಂ ಎಂದರೆ ಅವ್ವನಿಗೆ ಮುಂಚಿತವಾಗಿ ತಿಳಿಸಿ. ನಿಮ್ಮ ಅಪ್ಪನ ಕುಣಿಗೆ ಮಣ್ಣು ಹಾಕಿದ ಕೈಗಳಲ್ಲಿ ಅವನದೂ ಒಂದು ಎಂದು ನೆನಪಿಸಿ. ಆಮೇಲೆ ಮೊದಲ ಪಂಕ್ತಿಯಲ್ಲಿ, ನಿಮ್ಮ ಬಲಗಡೆಗೆ ಅವನಿಗೆ ಎಲೆ ಹಾಕಿಸಿ. ಬಡಿಸುವವರು ತಡೆದು ನಿಂತರೆ ಮೊದಲ ರೊಟ್ಟಿ ನೀವೇ ಬಡಿಸಿ.